ಚಕ್ಕುಲಿ ಡಬ್ಬದ ಬೈಕಲ್

ಮಲ್ಲೇಶ್ವರದ ಹದಿನೇಳನೇ ಅಡ್ಡರಸ್ತೆಗೆ ಬಂದು ಯಶೋಧರಾ ಮಿಸ್ ಮನೆ ಎಲ್ಲಿ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ. ಕೆಲಸದಿಂದ ನಿವೃತ್ತರಾಗಿ ಎಂಟು ವರ್ಷವಾಯಿತು. 'ಮಿಸ್' ಎಂಬುದು ಮಾತ್ರ ನಿವೃತ್ತವಾಗಿಲ್ಲ. ಚಾಮರಾಜಪೇಟೆ ಕಡೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಭೂಗೋಳ ಪಾಠ ಮಾಡಿದವರು. ಆ ಅಭ್ಯಾಸ ಬೀದಿಗೂ ಬಂದಿದೆ. ಗಾಡಿಯವನು 'ನಾಗಪುರದ ಕಿತ್ತಳೆ ಅಮ್ಮಾ' ಎಂದು ಕೂಗಿದರೆ, ನಾಗಪುರ ಯಾವ ನದಿಯ ದಡದಲ್ಲಿದೆ ಎಂದು ಕೇಳಿ, ಅವನು ತಲೆ ಕೆರೆದುಕೊಂಡ ಮೇಲೆಯೇ ಹಣ್ಣು ಆರಿಸಲು ಕೈಹಾಕುತ್ತಾರೆ. ಅವನು ಒಳ್ಳೆಯ ಮನುಷ್ಯ, ಇನ್ನೂ ಆ ಬೀದಿಗೆ ಬರುತ್ತಾನೆ.

ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ಈ ಮೇಷ್ಟರಿಕೆಯನ್ನು ಹಿಡಿಯುವವರೇ ಇರುವುದಿಲ್ಲ. ಎಲ್ಲರ ಮನೆಯಲ್ಲೂ ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ-ರಾಣಿ, ಕೆಳಗೆ ದಶಾವತಾರ, ಮದುವೆ ದಿಬ್ಬಣ, ಶೆಟ್ಟರ ಅಂಗಡಿ, ನೆಲದಲ್ಲಿ ಮೊಳಕೆಯೊಡೆದ ರಾಗಿಯ ಪಾರ್ಕು, ಪಾರ್ಕಿನ ನಡುವೆ ಕೊಳವೆಂದು ಒಂದು ಮುಖ ನೋಡುವ ಕನ್ನಡಿ. ಯಶೋಧರಾ ಅವರ ಮನೆಯಲ್ಲೂ ರಾಜ-ರಾಣಿ ಇರುತ್ತಾರೆ. ಆದರೆ ಅವರ ಕಾಲಬುಡದಲ್ಲಿ ಒಂದು ವರ್ಷ ಜ್ವಾಲಾಮುಖಿ, ಒಂದು ವರ್ಷ ಮರುಭೂಮಿ, ಇನ್ನೊಂದು ವರ್ಷ ಹತ್ತಿಯಲ್ಲಿ ಮಾಡಿದ ಅಂಟಾರ್ಕ್ಟಿಕಾ. ಎದುರುಮನೆ ಅಂಬುಜಮ್ಮ ಪ್ರತಿ ವರ್ಷ ಮೂಗು ಮುರಿಯುತ್ತಾರೆ, ಪ್ರತಿ ವರ್ಷ ಮೊದಲ ದಿನವೇ ಬರುತ್ತಾರೆ.

ಈ ವರ್ಷದ ವಿಷಯ ಪ್ರಪಂಚದ ದೊಡ್ಡ ಸರೋವರಗಳು. ಕನ್ನಡಿ ಇಟ್ಟು ಕೊಳವೆನ್ನುವುದು ಮೋಸ, ನಿಜವಾದ ನೀರೇ ಇರಬೇಕು, ಅದೂ ಅಳತೆಗೆ ಸರಿಯಾಗಿ ಇರಬೇಕು ಎಂದು ಯಶೋಧರಾ ಹಟ ಹಿಡಿದರು. ಅಡುಗೆಮನೆಯ ಪಾತ್ರೆಗಳೆಲ್ಲ ಹಾಲ್‌ಗೆ ಬಂದವು. ಯಾವ ಸರೋವರ ಎಷ್ಟು ಅಗಲವೋ ಅದಕ್ಕೆ ತಕ್ಕ ಬಾಯಿಯ ಪಾತ್ರೆ. ಎಲ್ಲಕ್ಕಿಂತ ದೊಡ್ಡದಾದ ಕ್ಯಾಸ್ಪಿಯನ್‌ಗೆ, ಮಗ ಚಿಕ್ಕವನಿದ್ದಾಗ ಸ್ನಾನ ಮಾಡಿಸುತ್ತಿದ್ದ ಟಬ್ಬು. ಹೆಸರು ಸಮುದ್ರವೆಂದಿದ್ದರೂ ಸುತ್ತ ನೆಲವೇ ಇರುವ ಸರೋವರ ಅದು, ನೀರು ಹೊರಹೋಗಲು ದಾರಿಯಿಲ್ಲದೆ ಉಪ್ಪಾಗಿದೆ, ಆದ್ದರಿಂದ ಟಬ್ಬಿಗೆ ಒಂದು ಹಿಡಿ ಉಪ್ಪು. ಅಮೆರಿಕದ ಸುಪೀರಿಯರ್‌ಗೆ ಅಂಚಿರುವ ದೊಡ್ಡ ಹರಿವಾಣ, ಅದರ ನೆರೆಯ ನಾಲ್ಕು ಸರೋವರಗಳಿಗೆ ನಾಲ್ಕು ತಟ್ಟೆ. ಟಿಟಿಕಾಕಾ ಬೆಟ್ಟದ ಮೇಲಿನ ಸರೋವರವಾದ್ದರಿಂದ ಬೆಳ್ಳಿ ಬಟ್ಟಲಲ್ಲಿ ಏಳನೇ ಮೆಟ್ಟಿಲು ಹತ್ತಿ ಪಟ್ಟದ ರಾಣಿಯ ಪಕ್ಕದಲ್ಲೇ ಕೂತಿತು. ಅರಲ್‌ಗೆ ಬರುತ್ತಿದ್ದ ಹೊಳೆಗಳನ್ನು ಹತ್ತಿಹೊಲಗಳಿಗೆ ತಿರುಗಿಸಿ ಒಣಗಿಸಿಬಿಟ್ಟರಲ್ಲ, ಅದಕ್ಕೆ ಉಪ್ಪು ಸವರಿದ ತಟ್ಟೆ, ಮೂಲೆಯಲ್ಲಿ ಒಂದು ಚಮಚ ನೀರು. ಸೈಬೀರಿಯಾದ ಬೈಕಲ್ ಉದ್ದಕ್ಕೆ ಕಿರಿದಾಗಿದೆಯೆಂದು ಸೊಸೆ ಮಾನ್ಯ ಚಮಚಗಳನ್ನಿಡುವ ಸ್ಟೀಲ್ ಟ್ರೇ, ಮೇಲಿನ ಮೆಟ್ಟಿಲೊಂದರಲ್ಲಿ.

ನೀರು ತುಂಬುವ ಕೆಲಸಕ್ಕೆ ಗಂಡ ಮಧುಸೂದನ್ ಸಿಕ್ಕಿದರು. ಅಂಚೆ ಕಚೇರಿಯಲ್ಲಿ ಜೀವಮಾನವೆಲ್ಲ ತೂಕ ನೋಡಿದವರು, ಅಳತೆಯೆಂದರೆ ಅವರಿಗೆ ಭಕ್ತಿ. ಸಾವಿರ ಘನ ಕಿಲೋಮೀಟರ್ ನೀರಿಗೆ ಒಂದು ಪಾವು ಎಂದು ತೀರ್ಮಾನವಾಯಿತು. ಅಟ್ಲಾಸಿನ ಕೊನೆಯ ಪುಟದ ಪಟ್ಟಿ ಹಿಡಿದು ಅವರು ಓದಿದರು, ಯಶೋಧರಾ ಅಕ್ಕಿ ಅಳೆಯುವ ಪಾವಿನಲ್ಲಿ ಸುರಿದರು.

"ಸುಪೀರಿಯರ್, ಹನ್ನೆರಡು ಪಾವು."

ಹನ್ನೆರಡು ಪಾವು ಹರಿವಾಣದಲ್ಲಿ ಚೆನ್ನಾಗಿ ಕೂತಿತು.

"ಬೈಕಲ್, ಇಪ್ಪತ್ತಮೂರೂವರೆ."

"ಕನ್ನಡಕ ಹಾಕ್ಕೊಂಡು ಓದಿ, ರೀ."

"ಹಾಕ್ಕೊಂಡೇ ಇದೀನಿ. ಇಪ್ಪತ್ತಮೂರೂವರೆ. ಸ್ವಲ್ಪ ಮೇಲೇನೇ."

ಯಶೋಧರಾ ತಾವೇ ನೋಡಿದರು. ನಂಬಿಕೆ ಬರದೆ ಸುರಿಯಲು ಶುರುಮಾಡಿದರು. ಐದನೇ ಪಾವಿಗೆ ಟ್ರೇ ಉಕ್ಕಿತು. ಸೈಬೀರಿಯಾದ ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು, ಮದುವೆ ದಿಬ್ಬಣದ ವಾಲಗದವರನ್ನು ನೆನೆಸಿ, ಶೆಟ್ಟರ ಅಂಗಡಿಯ ತೊಗರಿಬೇಳೆಯನ್ನು ನೆಲಕ್ಕೆ ತಂದಿತು. ಮಧುಸೂದನ್ ನೆಲ ಒರೆಸುವ ಬಟ್ಟೆಗೆ ಓಡಿದರು. ಯಶೋಧರಾ ಪಾವು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು.

ಕೊನೆಗೆ ಟ್ರೇಯಷ್ಟೇ ಬಾಯಗಲವಿರುವ, ಆದರೆ ಮೊಳಕೈಯುದ್ದದ ಚಕ್ಕುಲಿ ಡಬ್ಬ ತಂದರು. ಇಪ್ಪತ್ತಮೂರೂವರೆ ಪಾವು ಅದರೊಳಗೆ ಹೋಯಿತು. ಉಳಿದ ಪಾತ್ರೆಗಳೂ ತುಂಬಿದ ಮೇಲೆ ಏನೋ ಹೊಳೆದು, ಡಬ್ಬವನ್ನು ಖಾಲಿ ಮಾಡಿ, ಅಮೆರಿಕದ ಐದೂ ತಟ್ಟೆಯ ನೀರನ್ನು ಒಂದೊಂದಾಗಿ ಅದಕ್ಕೆ ಬಗ್ಗಿಸಿದರು. ಅರ್ಧ ಹಾಲ್ ತುಂಬಿಕೊಂಡು ಹರಡಿದ್ದ ಐದು ಸರೋವರಗಳು ಡಬ್ಬದೊಳಗೆ ಇಳಿದುಹೋದವು, ಬೈಕಲ್ಲಿನ ಗುರುತಿಗೆ ಇನ್ನೂ ಒಂದು ಪಾವಿನಷ್ಟು ಕಡಿಮೆಯೇ ಇತ್ತು.

ಅಲ್ಲಾ, ಮೂವತ್ತಮೂರು ವರ್ಷ ಭೂಗೋಳ ಹೇಳಿದವರಿಗೆ ಇಷ್ಟು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು, ಗೊತ್ತಿರಲಿಲ್ಲ. ಅತಿ ದೊಡ್ಡ ಸಿಹಿನೀರಿನ ಸರೋವರ ಸುಪೀರಿಯರ್, ಒಂದು ಅಂಕ. ಅತಿ ಆಳದ ಸರೋವರ ಬೈಕಲ್, ಒಂದು ಅಂಕ. ಎರಡೂ ಬೇರೆಬೇರೆ ಬಿಟ್ಟಸ್ಥಳಗಳು. ಒಂದರ ನೀರನ್ನು ಇನ್ನೊಂದಕ್ಕೆ ಸುರಿದು ನೋಡುವ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರಲಿಲ್ಲ. ಪರೀಕ್ಷೆಗೆ ಬಾರದ್ದನ್ನು ಯೋಚಿಸಲು ನಮ್ಮ ಮೇಷ್ಟ್ರುಗಳಿಗೆ ಪುರಸೊತ್ತು ಎಲ್ಲಿ?

ಯೋಚಿಸಿದವಳು ಒಬ್ಬಳಿದ್ದಳು. ಅದು ನೆನಪಾಗಿಯೇ ಯಶೋಧರಾ ಐದೂ ತಟ್ಟೆಗಳನ್ನು ಡಬ್ಬಕ್ಕೆ ಬಗ್ಗಿಸಿ ನೋಡಿದ್ದು.

ಸಾವಿರದ ಒಂಬೈನೂರ ತೊಂಬತ್ತಮೂರು, ಎಂಟನೇ ತರಗತಿಯ ಬಿ ಸೆಕ್ಷನ್. ಸುಪೀರಿಯರ್ ಎಂದು ಹಲಗೆಯ ಮೇಲೆ ಬರೆದಾಗ ಮೂರನೇ ಬೆಂಚಿನ ಯಮುನಾ ಎದ್ದು ನಿಂತಳು. ಎಣ್ಣೆ ಹಾಕಿ ಬಿಗಿಯಾಗಿ ಎರಡು ಜಡೆ ಹೆಣೆದ ಹುಡುಗಿ. ಅಪ್ಪ ದೊಡ್ಡಬೈರಪ್ಪ ದೇವನಹಳ್ಳಿ ಕಡೆಯಿಂದ ಬಂದವರು, ಬಸವನಗುಡಿ ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಬಾವಿ ತೋಡುವುದು, ಹೂಳೆತ್ತುವುದು ಅವರ ಕಸುಬು.

"ಮಿಸ್, ಬೈಕಲ್ ದೊಡ್ಡದಲ್ವಾ? ಬುಕ್ಕಲ್ಲಿರೋ ಅಗಲಾನೂ ಆಳಾನೂ ಗುಣಿಸಿ ನೋಡ್ದೆ. ನಮ್ಮಪ್ಪ ಬಾವಿ ನೋಡಿದ್ರೆ ಬಾಯಿ ಎಷ್ಟಗಲ ಅನ್ನಲ್ಲ, ಎಷ್ಟಾಳು ನೀರಿದೆ ಅಂತಾರೆ."

ಯಶೋಧರಾಗೆ ಆಗ ಮೂವತ್ತೇಳು ವಯಸ್ಸು. ಪಾಠ ಮುಗಿದಿರಲಿಲ್ಲ, ಗಂಟೆ ಹೊಡೆಯಲು ಐದು ನಿಮಿಷವಿತ್ತು, ಹುಡುಗಿಯೊಬ್ಬಳು ಎದ್ದು ಪುಸ್ತಕವನ್ನೇ ತಪ್ಪೆನ್ನುತ್ತಿದ್ದಳು.

"ಬಾವಿ ತೋಡೋರ ಮನೆ ಲೆಕ್ಕ ಇಲ್ಲಿಗೆ ತರಬೇಡ. ಇದು ಭೂಗೋಳ. ಕೂತ್ಕೋ."

ನಲವತ್ತು ಹುಡುಗಿಯರು ಘೊಳ್ಳೆಂದು ನಕ್ಕರು. ಮಿಸ್ಸೂ ನಕ್ಕಿದ್ದರು. ಅದನ್ನು ಮರೆಮಾಚಿ ಅವರಿಗೆ ಒಳ್ಳೆಯ ಹೆಸರು ಕೊಡಲು ನನಗೆ ಇಷ್ಟವಿಲ್ಲ.

ಮರೆತೇಹೋಗಿದ್ದ ಈ ಸಂಗತಿ ಇಷ್ಟು ಚುಚ್ಚಲು ಇನ್ನೊಂದು ಕಾರಣವಿತ್ತು. ಕಳೆದ ಬೇಸಿಗೆಯಲ್ಲಿ ಬೀದಿಯ ಬೋರ್‌ವೆಲ್‌ಗಳೆಲ್ಲ ಕೈಕೊಟ್ಟು, ಎಲ್ಲರೂ ಟ್ಯಾಂಕರಿಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾಗ, ಒಂದು ಬೆಳಿಗ್ಗೆ ನೀಲಿ ಟ್ಯಾಂಕರಿನಿಂದ ನಲವತ್ತೈದರ ಹೆಂಗಸೊಬ್ಬರು ಇಳಿದು, ತಾವೇ ಪೈಪು ಎಳೆದು ಮನೆಯ ನೀರಿನ ಸಂಪಿನೊಳಗೆ ಬಿಟ್ಟರು. ಆಮೇಲೆ ತಲೆ ಎತ್ತಿ, "ಮಿಸ್, ನೀವಾ?" ಎಂದರು. ಯಮುನಾ! ಗಂಡ ವೇಣುಗೋಪಾಲ್ ಜೊತೆ ಸೇರಿ ಎರಡು ಟ್ಯಾಂಕರ್ ಓಡಿಸುತ್ತಿದ್ದಾಳಂತೆ, ಗುಟ್ಟಹಳ್ಳಿಯಲ್ಲಿ ಮನೆಯಂತೆ. ಆ ಎರಡು ತಿಂಗಳು ಈ ಬೀದಿಗೆ ಒಂದು ದಿನವೂ ನೀರು ತಪ್ಪಲಿಲ್ಲ. 'ನನ್ನ ಸ್ಟೂಡೆಂಟು' ಎಂದು ಯಶೋಧರಾ ಬೀದಿ ತುಂಬಾ ಹೇಳಿಕೊಂಡು ಓಡಾಡಿದರು. ಕಾಫಿಗೆ ಒಳಗೆ ಬಾ ಎಂದರೆ ಮಾತ್ರ ಯಮುನಾ, "ಬೂಟ್ಸ್ ಒದ್ದೆ ಆಗಿದೆ ಮಿಸ್" ಎಂದು ಗೇಟಿನ ಹೊರಗೇ ನಿಲ್ಲುತ್ತಿದ್ದಳು. ಆಗ ಅದು ಸಂಕೋಚವೆಂದುಕೊಂಡಿದ್ದರು. ಈಗ ಚಕ್ಕುಲಿ ಡಬ್ಬದ ಮುಂದೆ ಕೂತು ಅದಕ್ಕೆ ಬೇರೆಯೇ ಅರ್ಥ ಹಚ್ಚಿ ಒದ್ದಾಡಿದರು.

"ಫೋನ್ ಮಾಡಿ ಸಾರಿ ಅನ್ನು, ಮುಗೀತು" ಎಂದರು ಮಧುಸೂದನ್.

"ಫೋನಲ್ಲಿ ಅಂದಿದ್ನಾ ಆವತ್ತು? ನಲವತ್ತು ಜನರ ಮುಂದೆ ಅಂದಿದ್ದು. ನಾಲ್ಕು ಜನರ ಮುಂದಾದ್ರೂ ಹೇಳ್ಬೇಕು. ಅವಳು ಬರ್ಬೇಕು, ನೋಡ್ಬೇಕು, ನಾನು ಹೇಳ್ಬೇಕು."

ಗೊಂಬೆ ನೋಡಲು ಕರೆಯುವುದಕ್ಕೂ ಒಂದು ಕ್ರಮವಿದೆ. ಫೋನಿನಲ್ಲಿ ಕರೆದರೆ ಕರೆದಂತಲ್ಲ, ಮನೆಗೇ ಹೋಗಿ ಕುಂಕುಮ ಕೊಟ್ಟು ಕರೆಯಬೇಕು. ಯಶೋಧರಾ ರೇಷ್ಮೆ ಸೀರೆಯುಟ್ಟು, ಕುಂಕುಮದ ಭರಣಿ ಹಿಡಿದು, ಆಟೋದಲ್ಲಿ ಗುಟ್ಟಹಳ್ಳಿಗೆ ಹೋದರು. ಯಮುನಾ ಅಂಗಳದಲ್ಲಿ ಪೈಪಿಗೆ ಕ್ಲಿಪ್ ಬಿಗಿಯುತ್ತಿದ್ದಳು. ಕೈ ತೊಳೆದು ಬಂದು, ಕುರ್ಚಿ ಒರೆಸಿ ಕೂರಿಸಿ, ಹಾಲು ಕಾಯಿಸಿ ಕೊಟ್ಟಳು. ಮೂವತ್ತಮೂರು ವರ್ಷ ನಿಲ್ಲದೆ ಮಾತಾಡಿದವರಿಗೆ ಕುಂಕುಮ ಕೊಟ್ಟು, "ಗೊಂಬೆ ನೋಡಕ್ಕೆ ಬಾ ಯಮುನಾ, ತಪ್ಪಿಸ್ಬೇಡ" ಎಂದಷ್ಟೇ ಹೇಳಲು ಸಾಧ್ಯವಾಯಿತು.

"ಹಬ್ಬದಲ್ಲಿ ಲೋಡ್ ಜಾಸ್ತಿ ಮಿಸ್. ನೋಡ್ತೀನಿ" ಎಂದಳು ಯಮುನಾ. ಬೆಂಗಳೂರಿನಲ್ಲಿ 'ನೋಡ್ತೀನಿ' ಎಂದರೆ ಏನೆಂದು ನಮಗೆಲ್ಲ ಗೊತ್ತೇ ಇದೆ.

ನವರಾತ್ರಿ ಶುರುವಾಯಿತು. ಬೀದಿಯ ಹೆಂಗಸರು, ಮಕ್ಕಳು ಸಂಜೆ ಸಂಜೆ ಬಂದರು. ಅಂಬುಜಮ್ಮ ಮೊದಲ ದಿನವೇ ಬಂದು, ಗೊಂಬೆಗಳ ನಡುವೆ ಚಕ್ಕುಲಿ ಡಬ್ಬ ಯಾಕೆಂದು ಕೇಳಿ, ಉತ್ತರ ಅರ್ಧ ಕೇಳುವಷ್ಟರಲ್ಲಿ ಉಸಲಿಗೆ ಉಪ್ಪು ಸಾಲದೆಂದು ಕ್ಯಾಸ್ಪಿಯನ್ ಕಡೆ ಕಣ್ಣು ಹಾಯಿಸಿದರು. ಮಕ್ಕಳಿಗೆ ಐದು ತಟ್ಟೆಯ ನೀರನ್ನು ಡಬ್ಬಕ್ಕೆ ಸುರಿಯುವ ಆಟ ಬಹಳ ಹಿಡಿಸಿತು. ಪ್ರತಿ ಸಲವೂ ಯಶೋಧರಾ, "ಇದನ್ನ ನನಗೆ ಹೇಳ್ಕೊಟ್ಟಿದ್ದು ಯಮುನಾ ಅಂತ, ನನ್ನ ಸ್ಟೂಡೆಂಟು" ಎನ್ನುತ್ತಿದ್ದರು. ಹೇಳುತ್ತಿದ್ದಂತೆ ಕಣ್ಣು ಗೇಟಿನ ಕಡೆ ಹೋಗುತ್ತಿತ್ತು.

ಐದನೇ ದಿನ ಬರಲಿಲ್ಲ, ಆರನೇ ದಿನ ಬರಲಿಲ್ಲ. ಎಂಟನೇ ದಿನ ಟ್ಯಾಂಕರೊಂದು ಬೀದಿಗೆ ಬಂತು. ಯಶೋಧರಾ ಸೆರಗು ಸರಿಮಾಡಿಕೊಂಡು ಓಡಿದರೆ ಅದು ಬೇರೆಯವರದು, ಕಟ್ಟಡ ಕಟ್ಟುವವರಿಗೆ ತಂದದ್ದು.

"ಬರೋದು ಬಿಡೋದು ಅವಳಿಷ್ಟ ಕಣೇ" ಎಂದರು ಮಧುಸೂದನ್, ಈ ಸಲ ಮೆತ್ತಗೆ.

"ಹೌದು, ಅವಳಿಷ್ಟ. ಅದೇ ಭಯ ನಂಗೆ."

ಒಂಬತ್ತನೇ ದಿನ ಆಯುಧಪೂಜೆ. ಬೀದಿಯಲ್ಲಿ ಸ್ಕೂಟರು ಕಾರುಗಳಿಗೆಲ್ಲ ಬಾಳೆಕಂದು, ಚಕ್ರದಡಿಯಲ್ಲಿ ನಿಂಬೆಹಣ್ಣು, ರಸ್ತೆ ತುಂಬಾ ಒಡೆದ ಬೂದುಗುಂಬಳದ ಚೂರು. ಸಂಜೆ ಆರರ ಹೊತ್ತಿಗೆ ಹಾಲ್‌ನಲ್ಲಿ ಅಂಬುಜಮ್ಮ ಮತ್ತು ಬೀದಿಯ ಆರೇಳು ಹೆಂಗಸರು ಕೂತಿದ್ದಾಗ, ನೀಲಿ ಟ್ಯಾಂಕರೊಂದು ಚೆಂಡುಹೂವಿನ ಹಾರ ಹಾಕಿಕೊಂಡು ಗೇಟಿನ ಮುಂದೆ ನಿಂತಿತು. ಯಮುನಾ ಹಸಿರು ಸೀರೆಯುಟ್ಟು ಇಳಿದಳು. ಪೂಜೆ ಮುಗಿಸಿ ನೇರ ಬಂದವಳಿರಬೇಕು, ಬೆರಳುಗಳಲ್ಲಿ ಇನ್ನೂ ಅರಿಶಿನವಿತ್ತು. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದಳು.

ಯಶೋಧರಾ ಆಕೆಯನ್ನು ಕೂರಲು ಬಿಡಲಿಲ್ಲ. ಕೈಹಿಡಿದು ಗೊಂಬೆಗಳ ಮುಂದೆ ಕರೆತಂದರು. ಐದು ತಟ್ಟೆಗಳ ನೀರನ್ನು ಒಂದೊಂದಾಗಿ ಡಬ್ಬಕ್ಕೆ ಸುರಿದರು. ಅವಸರದಲ್ಲಿ ಅರ್ಧ ಪಾವು ನೆಲಕ್ಕೆ ಚೆಲ್ಲಿತು. ಕೊನೆಯ ತಟ್ಟೆ ಬರಿದಾದ ಮೇಲೆ ತಿರುಗಿ ನಿಂತರು.

"ಎಲ್ಲರೂ ಕೇಳಿ. ಮೂವತ್ತೊಂದು ವರ್ಷದ ಹಿಂದೆ ಈ ಹುಡುಗಿ ಕ್ಲಾಸಲ್ಲಿ ಎದ್ದುನಿಂತು ಬೈಕಲ್ಲಲ್ಲೇ ನೀರು ಜಾಸ್ತಿ ಅಂದ್ಳು. ಸರಿಯಾಗೇ ಹೇಳಿದ್ಳು. ನಾನು ಬಾವಿ ತೋಡೋರ ಮನೆ ಲೆಕ್ಕ ಬೇಡ ಅಂತ ನಲವತ್ತು ಮಕ್ಕಳ ಮುಂದೆ ಅವಮಾನ ಮಾಡ್ದೆ, ನಾನೂ ನಕ್ಕೆ. ನಂಗೆ ಲೆಕ್ಕ ಬರ್ತಿರ್ಲಿಲ್ಲ, ಅವಳಿಗೆ ಬರ್ತಿತ್ತು. ತಪ್ಪಾಯ್ತು ಯಮುನಾ. ನಿನ್ನ ಹತ್ರಾನೂ, ನಿಮ್ಮ ತಂದೆ ಹತ್ರಾನೂ ಕ್ಷಮೆ ಕೇಳ್ತೀನಿ."

ಅಂಬುಜಮ್ಮನ ಕೈಯಲ್ಲಿದ್ದ ಉಸಲಿಯ ದೊನ್ನೆ ಬಾಯಿಗೂ ಮಡಿಲಿಗೂ ನಡುವೆ ನಿಂತಿತು.

ಯಮುನಾ ಬಗ್ಗಿ ಡಬ್ಬದೊಳಗೆ ನೋಡಿದಳು. ಬಾವಿಯ ಕಟ್ಟೆಗೆ ಕೈಯೂರಿ ನೋಡುವವರ ಹಾಗೆ ಬಹಳ ಹೊತ್ತು ನೋಡಿದಳು.

"ಅಪ್ಪ ಈಗಿಲ್ಲ ಮಿಸ್. ಆವತ್ತೇ ಹೇಳಿದ್ದೆ ಅವರಿಗೆ. ಜೋರಾಗಿ ನಕ್ಕುಬಿಟ್ರು. ನಿಮ್ಮ ಮಿಸ್ ಬಾವಿಗೆ ಇಳಿದಿಲ್ವಲ್ಲ, ಅವರಿಗೆ ಹೆಂಗೆ ಗೊತ್ತಾಗುತ್ತೆ ಅಂದ್ರು. ನಾನೂ ನಕ್ಕೆ. ಅದು ಅಲ್ಲಿಗೇ ಹೋಯ್ತು."

ಯಶೋಧರಾಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಅಷ್ಟರಲ್ಲಿ ಯಮುನಾ ಮತ್ತೆ ಮಾತಾಡಿದಳು.

"ಆದ್ರೆ ಆಮೇಲೆ ನೀವು ನನ್ನ ಒಂದು ಪ್ರಶ್ನೇನೂ ಕೇಳ್ಲಿಲ್ಲ ಮಿಸ್. ಎಂಟನೇ ಕ್ಲಾಸು, ಒಂಬತ್ತು, ಹತ್ತು. ಕೈ ಎತ್ತಿದ್ರೆ ಪಕ್ಕದವಳನ್ನ ಕೇಳೋರು. ಅವಳಿಗೆ ಬರ್ದಿದ್ರೆ ಅವಳ ಪಕ್ಕದವಳನ್ನ ಕೇಳೋರು. ನಾನು ದಿನಾ ಓದ್ಕೊಂಡು ಬರ್ತಿದ್ದೆ. ಇವತ್ತು ಕೇಳ್ತಾರೆ, ಇವತ್ತು ಕೇಳ್ತಾರೆ ಅಂತ. ಮೂರು ವರ್ಷ."

ದೂರಿನ ದನಿಯಿರಲಿಲ್ಲ. ಸಂಪಿನಲ್ಲಿ ಎಷ್ಟು ನೀರಿದೆಯೆಂದು ಹೇಳುವ ಹಾಗೆ ಹೇಳಿದಳು.

ಯಶೋಧರಾಗೆ ಇದು ನೆನಪಿರಲಿಲ್ಲ. ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ. ಆಡಿದ ಮಾತು ಒಂದು ನಿಮಿಷದ್ದು. ಅದಕ್ಕೆ ಒಂಬತ್ತು ದಿನ ನಿದ್ದೆಗೆಟ್ಟಿದ್ದರು. ಆಡದೆ ಉಳಿದದ್ದು ಮೂರು ವರ್ಷದ್ದು, ಅದು ತಮ್ಮ ಕೈಯಿಂದ ಆಗಿದೆಯೆಂಬುದೇ ಗೊತ್ತಿರಲಿಲ್ಲ. ಕ್ಷಮೆ ಕೇಳಲು ಸಿದ್ಧಮಾಡಿಕೊಂಡಿದ್ದ ಮಾತೆಲ್ಲ ಆಗಲೇ ಖರ್ಚಾಗಿತ್ತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು, ಬೆನ್ನು ನೆಟ್ಟಗೆ ಮಾಡಿಕೊಂಡರು.

"ಯಮುನಾ" ಎಂದರು. ಆ ದನಿ ಬೀದಿಯವರು ಕೇಳಿರದ ದನಿ, ತರಗತಿಯದು. "ಬೈಕಲ್‌ಗೆ ಮುನ್ನೂರಕ್ಕೂ ಜಾಸ್ತಿ ನದಿಗಳು ಬಂದು ಸೇರುತ್ತೆ. ಹೊರಗೆ ಹೋಗೋದು ಒಂದೇ ಒಂದು. ಹಾಗಿದ್ರೂ ಅದು ಯಾಕೆ ಉಕ್ಕಲ್ಲ?"

ಎರಡು ಟ್ಯಾಂಕರಿನ ಒಡತಿ, ಪಿಯುಸಿ ಓದುವ ಮಗಳ ತಾಯಿ, ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಳು.

"ಬರೋ ಪೈಪು ಎಷ್ಟಿದ್ರೇನು ಮಿಸ್, ಹೆಚ್ಚಿನವು ಸಣ್ಣವಿರ್ಬೇಕು. ಹೋಗೋದು ಒಂದೇ ಆದ್ರೂ ದಪ್ಪ ಇರ್ಬೇಕು. ಬಂದಿದ್ದನ್ನೆಲ್ಲಾ ಅದೊಂದೇ ಎಳ್ಕೊಂಡು ಹೋಗುತ್ತೆ."

"ಸರಿ" ಎಂದರು ಯಶೋಧರಾ. "ಅಂಗಾರ ಅಂತ ಆ ನದಿ ಹೆಸರು. ಒಂದು ಕಿಲೋಮೀಟರ್ ಅಗಲ ಇದೆ, ಬೈಕಲ್ ಬಿಡೋ ಕಡೆ."

ಅಂಬುಜಮ್ಮ ಮುಂದೆ ಬಂದು, ಪಾಪ ನಿಂತೇ ಇದಾಳೆ, ಕೂರಿಸಿ ಉಸಲಿ ಕೊಡಿ ಎಂದರು. ಯಮುನಾ ತಲೆಯಾಡಿಸಿದಳು, ಕೂರಲಿಲ್ಲ. ಕಣ್ಣು ಮಿಸ್ ಮುಖದ ಮೇಲೇ ಇತ್ತು.

ಯಶೋಧರಾ ಎರಡನೆಯ ಪ್ರಶ್ನೆ ಕೇಳಿದರು.